ಮತವು ಮಾರಾಟದ ವಸ್ತುವೇ?

“ಬಿಟ್ಟಿ ದೀಪಕ್ಕಾಗಿ ಜನರು ಮತವನ್ನು ಮಾರಿಕೊಂಡರು” ಎಂಬ ನಿಂದೆಯು 2023ರ ವಿಧಾನಸಭಾ ಚುನಾವಣೆಯ ತರುವಾಯ ವಿದ್ಯಾವಂತರ ಬಾಯಲ್ಲಿಯೂ ಕೇಳಿಬಂದಿತು. ಈ ಪೂರ್ವಪಕ್ಷವು ಪರೀಕ್ಷೆಗೆ ನಿಲ್ಲತಕ್ಕುದಲ್ಲ.

ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುಚ್ಛಕ್ತಿ ಉಚಿತವೆಂಬ ಕಾಂಗ್ರೆಸ್ಸಿನ ವಾಗ್ದಾನವು ದಾವಣಗೆರೆ ಜಿಲ್ಲೆಯ ಏಳು ಕ್ಷೇತ್ರಗಳಿಗೂ ಸಮಾನವಾಗಿತ್ತು. ಆರು ಕ್ಷೇತ್ರಗಳು ಆ ಪಕ್ಷವನ್ನು ವರಿಸಿದುವು, ನಿಜ. ಆದರೆ ಅಂತಹ ವಾಗ್ದಾನವಿಲ್ಲದ 2018ರಲ್ಲಿ ಕಾಂಗ್ರೆಸ್ಸನ್ನು ಗೆಲ್ಲಿಸಿದ್ದ ಹರಿಹರವು, ವಾಗ್ದಾನವು ಬಂದಾಗ ಭಾರತೀಯ ಜನತಾ ಪಕ್ಷವನ್ನು ಆರಿಸಿತು. ದೀಪವೇ ಕಾರಣವಾದರೆ ಹರಿಹರದವರಿಗೆ ಕತ್ತಲೆಯು ಪ್ರಿಯವೇ? ಕಾರಣವಿದ್ದೂ ಕಾರ್ಯವಾಗದಿದ್ದರೆ ಅದನ್ನು ಕಾರಣವೆನ್ನುವುದು ಯಾವ ತರ್ಕ?

ದೂರದ ಅಮೆರಿಕೆಯಲ್ಲಿಯೂ ಇದೇ ದೃಷ್ಟಾಂತವುಂಟು. ಅಯೋವಾ ಸಂಸ್ಥಾನವು ದಾವಣಗೆರೆಯ ಸೀಮೆಯಂತೆಯೇ ಮೆಕ್ಕೆಜೋಳದ ನಾಡು. ಆ ಜೋಳದಿಂದಿಳಿಸಿದ ಎಥನಾಲನ್ನು ಪೆಟ್ರೋಲಿಗೆ ಬೆರೆಸಬೇಕೆಂಬ ಕಡ್ಡಾಯವನ್ನು ವಿರೋಧಿಸಿದವನು ಅಲ್ಲಿ ಗೆಲ್ಲಲಾರನೆಂಬ ಮಾತು ರೂಢವಾಗಿತ್ತು. ಆದರೂ 2016ರಲ್ಲಿ, ರಿಪಬ್ಲಿಕನ್ ಪಕ್ಷದ ಅಧ್ಯಕ್ಷಾಭ್ಯರ್ಥಿಯನ್ನಾರಿಸುವ ಮೊದಲ ಸ್ಪರ್ಧೆಯಲ್ಲಿ, ಆ ಕಡ್ಡಾಯವನ್ನು ವಿರೋಧಿಸಿದ ಟೆಡ್ ಕ್ರೂಜ್ ಅವರೇ ಅಲ್ಲಿ ಜಯಶಾಲಿಗಳಾದರು. ರೈತನು ಜೋಳವನ್ನು ಮಾರಿದನು, ಮತವನ್ನು ಮಾರಲಿಲ್ಲ.

ಹಾಗಾದರೆ ದೋಷವೆಲ್ಲಿ? ಅದೇ 2023ರಲ್ಲಿ ಮಳೆ ತಪ್ಪಿತು, ಶರಾವತಿಯ ಲಿಂಗನಮಕ್ಕಿ ತುಂಬಲಿಲ್ಲ. ಪಂಪುಸೆಟ್ಟುಗಳಿಗೆ ಏಳು ಗಂಟೆ ದೊರೆಯಬೇಕಾಗಿದ್ದ ವಿದ್ಯುತ್ತು ಅಕ್ಟೋಬರಿನಲ್ಲಿ ಐದು ಗಂಟೆಗೆ ಇಳಿಯಿತು. ಬಾಡುವ ಪೈರಿಗೆ ಪಕ್ಷಭೇದವುಂಟೇ? ಮತದಾರನನ್ನು ಮೂದಲಿಸುವ ವಿದ್ಯಾವಂತರು “ಮಳೆ ತಪ್ಪಿದ ವರ್ಷ ವಿದ್ಯುತ್ತನ್ನು ಎಲ್ಲಿಂದ ತರುವಿರಿ?” ಎಂದು ಅಭ್ಯರ್ಥಿಗಳನ್ನು ಮೊದಲೇ ಕೇಳಲಿ. ಕೇಳಬೇಕಾದುದನ್ನು ಕೇಳದವರಿಗೆ ನಿಂದಿಸುವ ಅಧಿಕಾರವಿಲ್ಲ.