ನಾವು ಓದಿದ ಕೆಲವು ಪುಸ್ತಕಗಳು

ಈ ಬೇಸಗೆಯಲ್ಲಿ ಸಿರವಾರದ ಮನೆಯ ಪಡಸಾಲೆಯಲ್ಲಿ ಕುಳಿತು ನಾವು ಕೆಲವು ಪುಸ್ತಕಗಳನ್ನು ಓದಿದೆವು. ನಾವು ಪಂಡಿತರಲ್ಲ; ತೋರಿದುದನ್ನಷ್ಟೇ ಅರಿಕೆಮಾಡುವೆವು.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದುದು; ಬಾಲವಿಧವೆಯೊಬ್ಬಳು ವಿದ್ಯೆ ಕಲಿತು ಮರುಮದುವೆಯಾಗುವ ಕಥೆ. ಉಪದೇಶವು ತುಸು ಹೆಚ್ಚೆನಿಸಿ, ಕೆಲವು ಪುಟಗಳನ್ನು ಹಾರಿಸಿದೆವು.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಹಾಗಲ್ಲ. ಉಳುವುದಕ್ಕೆ ತುಂಡು ನೆಲ ಬಯಸಿದ ಚೋಮನಿಗಿಂತಲೂ, ತಂದೆಯ ಸಾಲ ತೀರಿಸಲು ತೋಟಕ್ಕೆ ದುಡಿಯಹೋದ ಬೆಳ್ಳಿಯೇ ನಮ್ಮ ಮನಸ್ಸನ್ನು ಕಲಕಿದಳು. ಶಾಲೆ ಬಿಟ್ಟು ಹತ್ತಿ ಬಿಡಿಸಲು ಬಂದ ಬೆಳ್ಳಿಯರನ್ನು ನಮ್ಮೂರ ಹೊಲಗಳಲ್ಲಿಯೂ ಕಂಡಿದ್ದೇವೆ. ಕಾದಂಬರಿಯು ಹೆಣ್ಣುಮಕ್ಕಳನ್ನು ಕೆಡಿಸುವುದೆನ್ನುವ ತಂದೆತಾಯಿಗಳು ಇದನ್ನು ಮೊದಲು ತಾವೇ ಓದಿ, ಬಳಿಕ ಮಗಳ ಕೈಗೆ ಕೊಡಲಿ.

ಕಾರಂತರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಅರ್ಧವಾಗಿರುವಾಗಲೇ ಹಳೆಯ ಸಹಪಾಠಿಯೊಬ್ಬರು ಒಯ್ದರು. ಇನ್ನೂ ಮರಳಿ ಬಂದಿಲ್ಲ.