ದಾನದ ಕಾರು: ಹಲ್ಲು ಎಣಿಸದೆ ಪಡೆದರೆ ಟ್ರಸ್ಟಿಗೇ ಹೊರೆ

ದೊಡ್ಡಬಳ್ಳಾಪುರ: ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎಂಬುದು ಹಿರಿಯರ ಮಾತು. ಆದರೆ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಲ್ಲು ನೋಡದೆ ಎತ್ತು ಕೊಳ್ಳುವ ರೈತ ಸಿಗುವುದಿಲ್ಲ. ದಾನವಾಗಿ ಬರುವುದು ಕೋಟಿ ರೂಪಾಯಿ ಬೆಲೆಯ ಆಮದು ಕಾರಾದರೆ ಈ ಎರಡರಲ್ಲಿ ಯಾವ ನೀತಿಯನ್ನು ಅನುಸರಿಸಬೇಕು ಎಂಬುದು ಯೋಚಿಸಬೇಕಾದ ವಿಷಯ.

ಜಪಾನಿನ ಕಾರು ಈ ಭಾಗಕ್ಕೆ ಹೊಸದಲ್ಲ. ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಇರುವ ಬಿಡದಿ, 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಬೆಂಗಳೂರು ಗ್ರಾಮಾಂತರಕ್ಕೇ ಸೇರಿತ್ತು. ಆದರೆ ಇಲ್ಲಿನ ಚರ್ಚೆ ಅಂತಹ ಸಾಮಾನ್ಯ ಕಾರುಗಳ ಕುರಿತದ್ದಲ್ಲ. ಭಾನುವಾರ ಬೆಳಗಿನ ಜಾವ ದೇವನಹಳ್ಳಿ ಮಾರ್ಗವಾಗಿ ನಂದಿ ಬೆಟ್ಟದತ್ತ ಧಾವಿಸುವ ಅಪರೂಪದ ಕ್ರೀಡಾ ಕಾರುಗಳ ಕುರಿತದ್ದು. ನಿಸ್ಸಾನ್ ಕಂಪನಿಯ ಜಿಟಿ-ಆರ್ 2016ರ ಡಿಸೆಂಬರ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 1.99 ಕೋಟಿ ರೂಪಾಯಿ. 2025ರ ಆಗಸ್ಟ್‌ನಲ್ಲಿ ಜಪಾನಿನಲ್ಲಿ ಈ ಮಾದರಿಯ ಉತ್ಪಾದನೆಯೇ ನಿಂತಿತು. ತಯಾರಿಕೆ ನಿಂತ ಕಾರು ದಿನ ಕಳೆದಂತೆ ದುರ್ಲಭವಾಗುತ್ತದೆ. ಅಂತಹ ಕಾರನ್ನು ಮಾಲೀಕನೊಬ್ಬ ಅನಾಥಾಲಯಕ್ಕೋ ಆಸ್ಪತ್ರೆಯ ಟ್ರಸ್ಟಿಗೋ ನೀಡಲು ಮುಂದಾದರೆ ಏನಾಗುತ್ತದೆ?

ಹೊರಗಿನ ನಿದರ್ಶನಗಳು

ಅಮೆರಿಕದಲ್ಲಿ ಈ ಬಗೆಯ ದಾನ ರೂಢಿಯಲ್ಲಿದೆ. ಹೋಂಡಾ ಸಮೂಹದ ಹೊಸ ಪೀಳಿಗೆಯ ಎನ್‌ಎಸ್‌ಎಕ್ಸ್‌ನ ಮೊದಲ ಕಾರು 2016ರ ಜನವರಿಯಲ್ಲಿ 12 ಲಕ್ಷ ಡಾಲರ್‌ಗೆ ಹರಾಜಾಯಿತು. ಮೊತ್ತ ಮಕ್ಕಳ ಮಿದುಳಿನ ಗೆಡ್ಡೆಯ ಚಿಕಿತ್ಸೆಗೆ ಶ್ರಮಿಸುವ ಸಂಸ್ಥೆಯೂ ಸೇರಿದಂತೆ ಸೇವಾಕಾರ್ಯಗಳಿಗೆ ಸಂದಿತು. 2019ರ ಜನವರಿಯಲ್ಲಿ ಟೊಯೊಟಾ ಜಿಆರ್ ಸುಪ್ರಾದ ಮೊದಲ ಕಾರು 21 ಲಕ್ಷ ಡಾಲರ್ ತಂದುಕೊಟ್ಟಿತು. ಅದೇ ಕಾರಿನ ಮಳಿಗೆ ಬೆಲೆ ಸುಮಾರು 50 ಸಾವಿರ ಡಾಲರ್ ಮಾತ್ರ. ಲ್ಯಾಂಬೋರ್ಗಿನಿ ಕಂಪನಿ 2017ರಲ್ಲಿ ಪೋಪ್ ಫ್ರಾನ್ಸಿಸ್ ಅವರಿಗೆ ನೀಡಿದ ಕಾರು 2018ರ ಮೇ ತಿಂಗಳಲ್ಲಿ 7.15 ಲಕ್ಷ ಯೂರೋಗೆ ಮಾರಾಟವಾಯಿತು.

ಈ ಮೂರೂ ಪ್ರಕರಣಗಳಲ್ಲಿ ಒಂದು ಸಾಮ್ಯವಿದೆ. ಕಾರನ್ನು ಯಾವ ಸೇವಾ ಸಂಸ್ಥೆಯೂ ಇಟ್ಟುಕೊಳ್ಳಲಿಲ್ಲ. ಬಹಿರಂಗ ಹರಾಜಿನಲ್ಲಿ ಅದು ಹಣವಾಯಿತು, ಆ ಹಣ ಸೇವೆಗೆ ಹೋಯಿತು.

ಹರಾಜು ಸರಿಯಾಗಿ ನಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಕೇರಳದ ಗುರುವಾಯೂರು ದೇವಸ್ಥಾನವೇ ಸಾಕ್ಷಿ. ಮಹೀಂದ್ರ ಕಂಪನಿ ಅಲ್ಲಿಗೆ 2021ರ ಡಿಸೆಂಬರ್‌ನಲ್ಲಿ ಥಾರ್ ವಾಹನವೊಂದನ್ನು ಕಾಣಿಕೆಯಾಗಿ ಅರ್ಪಿಸಿತು. ಅದೇ ತಿಂಗಳು ನಡೆದ ಹರಾಜಿನಲ್ಲಿ ಒಬ್ಬರೇ ಬಿಡ್‌ದಾರರಿದ್ದು, 15.10 ಲಕ್ಷ ರೂಪಾಯಿಗೆ ವಾಹನ ನಿಗದಿಯಾಯಿತು. ಆಕ್ಷೇಪ ಎದ್ದು ವಿವಾದ ಹೈಕೋರ್ಟ್ ಮೆಟ್ಟಿಲೇರಿತು. 2022ರ ಜೂನ್‌ನಲ್ಲಿ ಮರುಹರಾಜು ನಡೆದಾಗ ಅದೇ ವಾಹನಕ್ಕೆ 43 ಲಕ್ಷ ರೂಪಾಯಿ ಬಂದಿತು. ಆರು ತಿಂಗಳ ಅಂತರದಲ್ಲಿ ವಾಹನ ಬದಲಾಗಿರಲಿಲ್ಲ. ಬದಲಾದದ್ದು ಬಿಡ್‌ದಾರರ ಸಂಖ್ಯೆ. ಮೊದಲ ಹರಾಜೇ ಅಂತಿಮವಾಗಿದ್ದರೆ ದೇವಸ್ಥಾನಕ್ಕೆ ಸುಮಾರು 28 ಲಕ್ಷ ರೂಪಾಯಿ ನಷ್ಟವಾಗುತ್ತಿತ್ತು.

ತೆರಿಗೆಯ ಲೆಕ್ಕ

ಕಾರು ದಾನ ಮಾಡಿದರೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ದೊರೆಯುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಇದು ಅಮೆರಿಕದ ಪದ್ಧತಿ ನೋಡಿ ಹುಟ್ಟಿದ ಕಲ್ಪನೆ. ನಮ್ಮಲ್ಲಿ 80ಜಿ ಕಲಮಿನ ರಿಯಾಯಿತಿ ಹಣದ ರೂಪದ ದೇಣಿಗೆಗೆ ಮಾತ್ರ ಅನ್ವಯಿಸುತ್ತದೆ. ಅಕ್ಕಿ, ಬಟ್ಟೆ, ವಾಹನ ಯಾವುದನ್ನು ಕೊಟ್ಟರೂ ವಿನಾಯಿತಿ ಇಲ್ಲ. 1961ರ ಕಾಯ್ದೆಯ ಬದಲಿಗೆ ರೂಪುಗೊಂಡ 2025ರ ಕಾಯ್ದೆಯೂ ಈ ತತ್ವವನ್ನೇ ಉಳಿಸಿಕೊಂಡಿದೆ.

ಆದ್ದರಿಂದ ಮಾಲೀಕನೇ ಕಾರನ್ನು ಮಾರಿ ಹಣವನ್ನು ಬ್ಯಾಂಕ್ ಮೂಲಕ ಟ್ರಸ್ಟಿಗೆ ನೀಡುವುದು ಇಬ್ಬರಿಗೂ ಹಿತ. ಸ್ವಂತ ಬಳಕೆಯ ಕಾರಿನ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ, ಮಾನ್ಯತೆ ಪಡೆದ ಸಾಮಾನ್ಯ ಟ್ರಸ್ಟಿಗೆ ಕೊಟ್ಟ ಮೊತ್ತದ ಅರ್ಧದಷ್ಟಕ್ಕೆ, ನಿಗದಿತ ಮಿತಿಯೊಳಗೆ, ರಿಯಾಯಿತಿ ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಕಾಗದಪತ್ರಗಳ ಗಂಡಾಂತರ

ನಿಜವಾದ ಅಪಾಯವಿರುವುದು ಕಾರಿನ ಪೂರ್ವಾಪರದಲ್ಲಿ. ಬಳಸಿದ ಕಾರನ್ನು ಆಮದು ಮಾಡಲು ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಬಲಬದಿಯ ಸ್ಟೀರಿಂಗ್ ಇರಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು ಎಂಬ ಷರತ್ತುಗಳಿವೆ. ಸುಂಕ ಮತ್ತು ಜಿಎಸ್‌ಟಿ ಸೇರಿದರೆ ಕಾರಿನ ಬೆಲೆಗಿಂತ ತೆರಿಗೆಯೇ ಹೆಚ್ಚಾಗುತ್ತದೆ. ಇಷ್ಟು ದೊಡ್ಡ ಮೊತ್ತ ಉಳಿಸಲು ಅಡ್ಡದಾರಿ ಹಿಡಿಯುವವರಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಭೂತಾನ್ ಮೂಲಕ ನುಸುಳಿದ ವಾಹನಗಳಿಗಾಗಿ ಕಸ್ಟಮ್ಸ್ ಅಧಿಕಾರಿಗಳು ಕೇರಳದಾದ್ಯಂತ ಶೋಧ ನಡೆಸಿದ್ದು ಇದೇ ಕಾರಣಕ್ಕೆ. ಸುಂಕ ವಂಚಿಸಿ ಬಂದ ಸರಕು ಯಾರ ಅಂಗಳದಲ್ಲಿದ್ದರೂ ಮುಟ್ಟುಗೋಲಿಗೆ ಒಳಗಾಗಬಹುದು. ಅದು ಅನಾಥಾಲಯದ ಅಂಗಳವೇ ಆದರೂ ಕಾನೂನು ಒಂದೇ.

ರಾಜ್ಯದ ತೆರಿಗೆಯೂ ಇದೆ. 20 ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆಯ ದರ ಶೇ 18. ಇದನ್ನು ತಪ್ಪಿಸಲು ಹೊರರಾಜ್ಯದಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವ ಚಾಳಿ ಹಳೆಯದು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತ್ತು. ಅಂತಹ ಕಾರನ್ನು ದಾನ ಪಡೆದರೆ ಬಾಕಿಯ ತಂಟೆಯೂ ಅದರೊಂದಿಗೇ ಬರುತ್ತದೆ.

ದಾನಿಗೂ ಎಚ್ಚರಿಕೆ ಅಗತ್ಯ. ಕೀಲಿಕೈ ಹಸ್ತಾಂತರಿಸಿ ಭಾವಚಿತ್ರ ತೆಗೆಸಿಕೊಂಡ ಮಾತ್ರಕ್ಕೆ ಮಾಲೀಕತ್ವ ಬದಲಾಗುವುದಿಲ್ಲ. ನಮೂನೆ 29 ಮತ್ತು 30 ಸಲ್ಲಿಸಿ, ನೆಲಮಂಗಲವೋ ದೇವನಹಳ್ಳಿಯೋ, ಸಂಬಂಧಿಸಿದ ಸಾರಿಗೆ ಕಚೇರಿಯಲ್ಲಿ ಹೆಸರು ವರ್ಗಾವಣೆ ಆಗಬೇಕು. ಅಪಘಾತವಾದರೆ ದಾಖಲೆಯಲ್ಲಿ ಹೆಸರಿರುವ ಮಾಲೀಕನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಇನ್ನು ದಾನಿ ವಿದೇಶಿ ಪ್ರಜೆಯೋ ವಿದೇಶಿ ಸಂಸ್ಥೆಯೋ ಆಗಿದ್ದರೆ ವಸ್ತುರೂಪದ ಕೊಡುಗೆಯೂ ವಿದೇಶಿ ದೇಣಿಗೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ನೋಂದಣಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ.

ಮುಂದಿನ ದಾರಿ

ಗ್ರಾಮಾಂತರ ಭಾಗದ ಸಣ್ಣ ಟ್ರಸ್ಟುಗಳಲ್ಲಿ ಇಂತಹ ದಾಖಲೆ ಪರಿಶೀಲಿಸಲು ವಕೀಲರಾಗಲಿ ಲೆಕ್ಕಪರಿಶೋಧಕರಾಗಲಿ ಸದಾ ಕೈಗೆಟಕುವುದಿಲ್ಲ. ಕಾರು ನಿಂತಲ್ಲೇ ನಿಂತರೂ ವಿಮೆ, ನಿರ್ವಹಣೆ, ಕಾವಲು ಎಂದು ಖರ್ಚು ತಪ್ಪದು. ಮಕ್ಕಳ ಊಟಕ್ಕೆ ಮೀಸಲಾದ ಹಣ ಯಂತ್ರದ ಪಾಲಾಗುವ ಸಂಭವ ಇಲ್ಲಿದೆ.

ಆದುದರಿಂದ ಒಪ್ಪಿಗೆ ನೀಡುವ ಮುನ್ನ ಟ್ರಸ್ಟಿನವರು ಆಮದು ದಾಖಲೆ, ನೋಂದಣಿ ಪತ್ರ, ತೆರಿಗೆ ರಸೀದಿ, ಸಾಲ ತೀರುವಳಿಯ ಪತ್ರಗಳನ್ನು ಕೇಳಿ ಪಡೆಯಬೇಕು. ಮೌಲ್ಯಮಾಪನ ಮಾಡಿಸಿ, ಕನಿಷ್ಠ ಬೆಲೆ ಗೊತ್ತುಪಡಿಸಿ, ಸಾಕಷ್ಟು ಮುಂಚಿತವಾಗಿ ಪ್ರಕಟಣೆ ಹೊರಡಿಸಿ ಬಹಿರಂಗವಾಗಿ ಹರಾಜು ಹಾಕಬೇಕು. ಬಂದ ಹಣದ ವಿನಿಯೋಗವನ್ನು ದಾನಿಗೂ ಸಾರ್ವಜನಿಕರಿಗೂ ತಿಳಿಸಬೇಕು. ದಾಖಲೆ ಕೇಳಿದರೆ ದಾನಿಗೆ ಬೇಸರವಾದೀತು ಎಂಬ ಸಂಕೋಚ ಬೇಡ. ಶುದ್ಧ ಮನಸ್ಸಿನಿಂದ ಕೊಡುವವರು ಕಾಗದ ತೋರಿಸಲು ಹಿಂಜರಿಯುವುದಿಲ್ಲ. ಹಿಂಜರಿಯುವವರ ಕಾರನ್ನು ಕೈಮುಗಿದು ಹಿಂದಿರುಗಿಸುವುದೇ ಟ್ರಸ್ಟಿಗೆ ಕ್ಷೇಮ.