ನಾಲ್ಕು ದಿನದ ಧರ್ಮರಾಯರು

ಹಿಮಾಲಯ ಚಾರಣದ ಬರಹಗಳಲ್ಲಿ ಈಚೆಗೆ ಒಂದು ನಾಯಿ ಇರಲೇಬೇಕು ಎಂಬಂತಾಗಿದೆ. ಡಿಸೆಂಬರಿನ ಹೊಸ ಹಿಮ, ಕಾಲು ಹೂತುಹೋಗುವ ದಾರಿ, ಎಲ್ಲಿಂದಲೋ ಬಂದು ಜೊತೆಯಾಗುವ ಕರಿಯ ನಾಯಿ. ಅದು ದಾರಿ ತೋರಿಸುತ್ತದೆ, ಡೇರೆಯ ಬಾಗಿಲು ಕಾಯುತ್ತದೆ, ಶಿಖರದಲ್ಲಿ ಫೋಟೋಕ್ಕೆ ನಿಲ್ಲುತ್ತದೆ. ಕೊನೆಗೆ ಬೀಳ್ಕೊಡುವಾಗ ಲೇಖಕರ ಕಣ್ಣು ಒದ್ದೆಯಾಗುತ್ತದೆ. ಯಾವುದೋ ಜನ್ಮದ ಋಣದ ಮಾತೂ ಬರುತ್ತದೆ. ಇಂಥ ಬರಹ ಸಾಕು. ಅದಕ್ಕಿಂತ ಮೊದಲು, ಆ ನಾಯಿಗೆ ದಾರಿಯುದ್ದಕ್ಕೂ ಬಿಸ್ಕತ್ತು ಹಾಕುವುದು ನಿಲ್ಲಬೇಕು.

ಉತ್ತರಾಖಂಡದ ಕೇದಾರಕಂಠವನ್ನೇ ನೋಡಿ. ಸುಮಾರು 3,800 ಮೀಟರ್ ಎತ್ತರದ ಈ ಶಿಖರವನ್ನು ಚಳಿಗಾಲದಲ್ಲೂ ಹತ್ತಬಹುದು. ಹಾಗಾಗಿ ಡಿಸೆಂಬರ್ ಬಂತೆಂದರೆ ಬೆಂಗಳೂರಿನವರೂ ಸಾಂಕ್ರಿ ಹಳ್ಳಿಗೆ ಹೋಗಿ ಇಳಿಯುತ್ತಾರೆ. ಬಿಸ್ಕತ್ತು ಪೊಟ್ಟಣದ ಸದ್ದಿಗೆ ನಾಯಿಗಳು ಬೆನ್ನು ಹತ್ತುತ್ತವೆ. ಅದನ್ನು ನಾವು ಪ್ರೀತಿ ಎಂದು ಬರೆದುಕೊಳ್ಳುತ್ತೇವೆ. ಹಸಿವು ಎಂದು ಬರೆದರೆ ಲೇಖನ ಅಷ್ಟು ಚೆಂದ ಕಾಣುವುದಿಲ್ಲ.

ಬೆಟ್ಟದ ನಾಯಿಗೆ ತನ್ನದೇ ಕಸುಬಿದೆ. ಭೋಟಿಯಾ ನಾಯಿ ಕುರಿಗಾಹಿಗಳ ಕಾವಲುಗಾರ. ಚಿರತೆ ಕುತ್ತಿಗೆಗೆ ಬಾಯಿ ಹಾಕದಿರಲೆಂದು ಅದರ ಕೊರಳಿಗೆ ಮುಳ್ಳಿರುವ ಕಬ್ಬಿಣದ ಪಟ್ಟಿ ಕಟ್ಟುತ್ತಾರೆ. ಬೇಸಿಗೆಯಲ್ಲಿ ಮಂದೆಯೊಂದಿಗೆ ಎತ್ತರದ ಹುಲ್ಲುಗಾವಲಿಗೆ ಏರಿ, ಹಿಮ ಬೀಳುವ ಮೊದಲೇ ಮಂದೆಯೊಂದಿಗೆ ಇಳಿಯುವುದು ಅದರ ಪಂಚಾಂಗ. ನಮ್ಮದು ತಿರುಗುಮುರುಗು: ಹಿಮ ಬಿದ್ದ ಸುದ್ದಿ ಕೇಳಿಯೇ ನಾವು ಹತ್ತುತ್ತೇವೆ. ನಮ್ಮ ಎಂಜಲಿನ ಆಸೆಗೆ, ಕೆಳಗೆ ಹಳ್ಳಿಯಲ್ಲಿರಬೇಕಾದ ನಾಯಿಗಳು ಜೂಡಾ ಕಾ ತಾಲಾಬ್ ಎಂಬ ಹೆಪ್ಪುಗಟ್ಟಿದ ಕೆರೆಯ ದಂಡೆಯಲ್ಲಿ ರಾತ್ರಿ ಕಳೆಯುತ್ತವೆ.

ಕಷ್ಟ ನಾಯಿಗೆ ಮಾತ್ರವೇ? ಕೇದಾರಕಂಠ ಇರುವುದು ಗೋವಿಂದ ವನ್ಯಜೀವಿಧಾಮದೊಳಗೆ. ಮೇವು ಸಿಗದ, ಒಂದೊಂದು ಓಟಕ್ಕೂ ಮೈಯ ಕಸುವು ಕರಗುವ ಚಳಿಗಾಲದಲ್ಲಿ ಅಲ್ಲಿನ ಕಾಡುಪ್ರಾಣಿಗಳ ನಡುವೆ ನಾವು ನಾಯಿಗಳನ್ನು ಕರೆದೊಯ್ಯುತ್ತೇವೆ. ಇದು ಎಲ್ಲಿಗೆ ಮುಟ್ಟುತ್ತದೆಂದು ಲಡಾಖ್ ಮತ್ತು ಸ್ಪಿತಿ ಈಗಾಗಲೇ ತೋರಿಸಿವೆ. ಅಲ್ಲಿ ಮನುಷ್ಯರ ಎಂಜಲು ತಿಂದು ಬೆಳೆದ ನಾಯಿಗಳು ಗುಂಪುಗಟ್ಟಿ ಭರಲ್ ಎಂಬ ಕಾಡುಕುರಿಗಳನ್ನು ಕೊಲ್ಲುತ್ತವೆ, ಹಿಮಚಿರತೆಯ ಬಾಯಿಂದಲೇ ಬೇಟೆ ಕಸಿಯುತ್ತವೆ. ರೇಬೀಸ್, ಡಿಸ್ಟೆಂಪರ್‌ನಂಥ ರೋಗಗಳು ಕಾಡಿಗೆ ಹಬ್ಬುವ ಭಯ ಬೇರೆ.

‘ಹಸಿದ ಪ್ರಾಣಿಗೆ ಒಂದು ತುತ್ತು ಹಾಕುವುದೂ ತಪ್ಪೇನ್ರೀ?’ ಎಂದು ಕೇಳುವವರಿದ್ದಾರೆ. ಹಳ್ಳಿಯಲ್ಲಿ, ಸಾಕಿದವರನ್ನು ಕೇಳಿ, ರೊಟ್ಟಿ ಹಾಕಿ, ಯಾರು ಬೇಡವೆಂದರು? ಚಾಕೊಲೇಟ್ ಮಾತ್ರ ಕೊಡಬೇಡಿ, ಅದು ನಾಯಿಗೆ ವಿಷ. ಲಸಿಕೆಗೆ, ಸಂತಾನಹರಣ ಚಿಕಿತ್ಸೆಗೆ ನಾಲ್ಕು ಕಾಸು ಕೊಡಿ. ಹಿಂದೆ ಬಂದರೆ ಊರಿನ ಅಂಚಿನಲ್ಲೇ ಹಿಂದಕ್ಕೆ ಕಳಿಸುವಂತೆ ಗೈಡಿಗೆ ಹೇಳಿ. ಇದರಲ್ಲಿ ಫೋಟೋ ಸಿಗುವುದಿಲ್ಲ, ನಿಜ. ದಯೆಗೆ ಫೋಟೋ ಬೇಕೆನ್ನುವವರ ಜೊತೆ ಮಾತು ಬೆಳೆಸಿ ಫಲವಿಲ್ಲ.

ಕೇದಾರಕಂಠದ ನೆತ್ತಿಯಿಂದ ಸ್ವರ್ಗಾರೋಹಿಣಿ ಕಾಣುತ್ತದೆ. ಪಾಂಡವರು ಕೊನೆಯ ಪಯಣದಲ್ಲಿ ಹತ್ತಿದ್ದು ಅದನ್ನೇ ಎಂಬುದು ನಂಬಿಕೆ. ಅದನ್ನು ನೋಡಿದ ಕೂಡಲೇ ನಮ್ಮವರಿಗೆ ಮಹಾಪ್ರಸ್ಥಾನದ ನಾಯಿ ನೆನಪಾಗುತ್ತದೆ, ತಾವು ಧರ್ಮರಾಯರಾಗುತ್ತಾರೆ. ಆದರೆ ಆ ಕಥೆಯ ಜೀವ ಇರುವುದು ಇಂದ್ರನ ರಥ ಬಂದು ನಿಂತ ಗಳಿಗೆಯಲ್ಲಿ: ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲಾರೆ ಎಂದ ಧರ್ಮರಾಯ. ನಮ್ಮ ರಥ ಡೆಹ್ರಾಡೂನಿಗೆ ಹೊರಡುವ ಜೀಪು. ಐದನೆಯ ದಿನ ಬೆಳಗ್ಗೆ ಅದು ಹಾರ್ನ್ ಹೊಡೆದರೆ ಸಾಕು, ಓಡಿಹೋಗಿ ಕಿಟಕಿ ಪಕ್ಕದ ಸೀಟು ಹಿಡಿಯುತ್ತೇವೆ.

ಜೀಪು ಹತ್ತಲೇಬೇಕಾದವರು ನಾಯಿಯನ್ನು ಕರೆಯಬಾರದು.